ಕಿತ್ತಳೆ ಬಣ್ಣಕ್ಕೆ ತಿರುಗಿದ ಬಿಳಿ ಮಚ್ಚೆಗಳು

೧೯೬೪ರ ದೀಪಾವಳಿ ಮುಗಿದಿತ್ತು. ಧಾರವಾಡದ ನಮ್ಮ ಮನೆಗೆ ಹುಬ್ಬಳ್ಳಿಯ ಕಮರಿಪೇಟೆಯಿಂದ ನನ್ನನ್ನು ನೋಡಲು ಬರುವವರಿದ್ದರು. ನನ್ನ ಬಲಗೈ ಬೆರಳುಗಳ ಮೇಲೆ ಬಿಳಿ ಮಚ್ಚೆಗಳಿದ್ದವು. ತೊನ್ನು. ಅದನ್ನು ಕಂಡೇ ಹಿಂದೊಂದು ಸಂಬಂಧ ಮುರಿದಿತ್ತು. ಈ ಸಲ ಹೇಗಾದರೂ ಮುಚ್ಚಬೇಕೆಂದು ಅವ್ವ ಹಿಂದಿನ ದಿನ ನನ್ನ ಬೆರಳಿಗೆಲ್ಲ ಮದರಂಗಿ ಮೆತ್ತಿದಳು.

ಬೆಳಿಗ್ಗೆ ತೊಳೆದು ನೋಡಿದರೆ, ಉಳಿದ ಕಡೆ ಕಂದಾಗಿ ಕೂತ ಬಣ್ಣ ಮಚ್ಚೆಗಳ ಮೇಲೆ ಕಿತ್ತಳೆ ಸಿಪ್ಪೆಯಂತೆ ಹೊಳೆಯುತ್ತಿತ್ತು!

ಚಹಾ ಕೊಡುವಾಗ ಹುಡುಗನ ಸೋದರತ್ತೆಯ ಕಣ್ಣು ಅಲ್ಲೇ ನೆಟ್ಟಿತು. "ಇದೇನ್ರಿ ಅಕ್ಕಾರ, ಎರಡ್ ಥರದ ಮದರಂಗಿ? ಒಂದು ಕಮ್ಮಿ ಬಿತ್ತೇನು?"

ನಾನೇ ಹೇಳಿದೆ: "ತೊನ್ನೈತ್ರಿ."

ಹುಡುಗನ ತಾಯಿ ಚಹಾದ ಬಸಿ ಕೆಳಗಿಟ್ಟರು. "ಮಂದಿಗೆ ಹತ್ತತೈತೇನು ತಂಗಿ?"

"ಇಲ್ರಿ. ಡಾಕ್ಟರ್ ಹೇಳ್ಯಾರ, ಮುಟ್ಟಿದ್ರ ಹತ್ತಂಗಿಲ್ಲ, ಕುಷ್ಠ ಅಲ್ಲ ಅಂತ."

"ನಾಳೆ ನಿನ್ನ ಮಕ್ಕಳಿಗೆ?"

ಇಲ್ಲ ಎಂದಿದ್ದರೆ ಮಾತು ಅಲ್ಲೇ ಗಟ್ಟಿಯಾಗುತ್ತಿತ್ತೇನೋ. "ನಮ್ಮ ಅಜ್ಜಿಗಿತ್ತು, ಅವ್ವಗಿಲ್ಲ, ನನಗ ಬಂತು. ಮಕ್ಕಳಿಗೆ ಬಂದ್ರೂ ಬರಬಹುದ್ರಿ" ಎಂದೆ.

"ಕೇಳಿದ್ರೇನ್ ವೈನಿ, ಕಾನ್ವೆಂಟ್ ಸಾಲಿ ಕಲ್ತ ಬಾಯಿ!" ಎಂದರು ಸೋದರತ್ತೆ.

ಹೊರಡುವ ಹೆಂಗಸರಿಗೆ ಕುಂಕುಮ ಹಚ್ಚುವುದು ಮನೆಮಗಳ ಕೆಲಸ. ಸೋದರತ್ತೆ ಹಣೆ ಹಿಂದೆಳೆದುಕೊಂಡು, "ತಾ ಇಲ್ಲೆ, ನಾನ ಹಚ್ಕೋತೇನಿ" ಎಂದು ಬಟ್ಟಲಿಗೆ ತಾವೇ ಬೆರಳದ್ದಿದರು. ಹುಡುಗನ ತಾಯಿ ಮಾತ್ರ ಮುಖ ಮುಂದೆ ಚಾಚಿ ಕಣ್ಣು ಮುಚ್ಚಿದರು.

"ಲಗೂ ಹಚ್ಚವಾ, ಬಸ್ ತಪ್ಪತೈತಿ."

ಅವಸರದಲ್ಲಿ ಹಚ್ಚುವಾಗ ಕುಂಕುಮ ಅವರ ಮೂಗಿನ ಮೇಲೂ ಉದುರಿತು. "ಮೂಗಿಗೂ ಹಚ್ಚಿದೇನ?" ಎಂದು ನಕ್ಕುಬಿಟ್ಟರು.

ಆ ಮನೆಗೇ ನಾನು ಸೊಸೆಯಾಗಿ ಹೋದೆ. ನನ್ನ ಮಕ್ಕಳಿಗೆ ಮಚ್ಚೆ ಬರಲಿಲ್ಲ. ಹೋದ ವರ್ಷ ಮೊಮ್ಮಗಳ ಮೊಣಕಾಲ ಮೇಲೆ ಒಂದು ಕಾಣಿಸಿತು. ಮೈಯನ್ನು ರೋಗಗಳಿಂದ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಕೊಲ್ಲುತ್ತದೆಯಂತೆ. ವಂಶದಿಂದ ಬರುವುದು ಅದರ ಸಾಧ್ಯತೆ ಮಾತ್ರ, ಎಲ್ಲರಿಗೂ ಬರಲೇಬೇಕೆಂದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾಗದೋಷದಿಂದ, ಹಾಲಿನ ಜೊತೆ ಮೀನು ತಿಂದದ್ದರಿಂದ ತೊನ್ನು ಬರುತ್ತದೆ ಎನ್ನುವುದೆಲ್ಲ ಬರೀ ಮಾತು.

"ಅಜ್ಜಿ, ಇದು ನಿನ್ನಿಂದ ಬಂತೇನ?" ಎಂದು ಮೊಮ್ಮಗಳು ಕೇಳಿದಳು.

"ಹೌದವಾ, ಬಂದಿರಬಹುದು" ಎಂದೆ. ಅವಳು ನನ್ನ ಕೈಯನ್ನು ತನ್ನ ಮೊಣಕಾಲ ಪಕ್ಕ ಇಟ್ಟು ನೋಡಿ, "ನಂದು ಸಣ್ಣದೈತಿ" ಎಂದು ಆಡಲು ಓಡಿದಳು. ಅಂದು ಅತ್ತೆಯವರ ಮುಂದೆ ಸುಳ್ಳು ಹೇಳಿದ್ದರೆ, ಈ ಮಗುವಿಗೆ ಇಷ್ಟು ಹಗುರವಾಗಿ ಉತ್ತರ ಕೊಡಲು ನನ್ನಿಂದ ಆಗುತ್ತಿರಲಿಲ್ಲ.