ವಿಜ್ಞಾನಿಗಳ ಗೋಡೆ ಮತ್ತು ಒಂದು ಬೀಗ

೨೦೨೩ನೆಯ ಇಸವಿ. ಆಗ ನನ್ನ ವಯಸ್ಸು ಐವತ್ತೊಂದು. ಖಾಸಗಿ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣ ಕಲಿಸಿ, ಆ ಕೆಲಸವನ್ನು ಬಿಟ್ಟು, ಬೆಂಗಳೂರಿನ ವಿಜಯನಗರದ ಅಂಚಿನಲ್ಲಿರುವ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸದಸ್ಯನಾಗಿದ್ದೆ. ನನ್ನ ಅಕ್ಕ ಅದೇ ಬಡಾವಣೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಮರುವರ್ಷ ಮೇ ತಿಂಗಳಲ್ಲಿ ಅವಳ ನಿವೃತ್ತಿ. ಈ ಬರಹದಲ್ಲಿರುವ ಸಿಟ್ಟು ನನ್ನದು. ಗೋಡೆ ಅವಳದು.

ಅದು ಶಾಲೆಯ ಹಿಂಭಾಗದ ಕಾಂಪೌಂಡು ಗೋಡೆ. ಅದರ ಪಕ್ಕದ ರಸ್ತೆ ಮಾಗಡಿ ರಸ್ತೆಯ ಬಸ್ ನಿಲ್ದಾಣಕ್ಕೆ ಹೋಗುತ್ತದೆ. ಗೋವಿಂದರಾಜನಗರದ ಕಡೆಯಿಂದ ಬರುವ ಹೆಣ್ಣುಮಕ್ಕಳು ಶಾಲೆಗೆ ನಡೆದು ಬರುವುದು ಆ ರಸ್ತೆಯಲ್ಲೇ. ಆ ಗೋಡೆಗೆ ಮುಖಮಾಡಿ ಗಂಡಸರು ಬೆಳಗಿನಿಂದ ಸಂಜೆಯವರೆಗೂ ಮೂತ್ರ ಮಾಡುತ್ತಿದ್ದರು. ಹುಡುಗಿಯರು ಮೂಗಿಗೆ ವೇಲು ಒತ್ತಿಕೊಂಡು, ತಲೆ ತಗ್ಗಿಸಿ ಓಡುತ್ತಿದ್ದರು. ಬೆಂಗಳೂರಿನಲ್ಲಿ ಇದಕ್ಕೆ ಎಲ್ಲರಿಗೂ ತಿಳಿದ ಪರಿಹಾರವೊಂದಿದೆ: ಗೋಡೆಗೆ ದೇವರ ಚಿತ್ರವಿರುವ ಟೈಲ್ಸ್ ಅಂಟಿಸುವುದು. ನಮ್ಮ ಸಂಘದ ಕಾರ್ಯದರ್ಶಿ ಮಾದರಿ ಟೈಲ್ಸನ್ನು ಕೈಯಲ್ಲಿ ಹಿಡಿದುಕೊಂಡೇ ಶಾಲೆಗೆ ಬಂದರು.

ಅಕ್ಕ ಹಣೆಗೆ ವಿಭೂತಿ ಇಡದೆ ಮನೆಯಿಂದ ಹೊರಡುವವಳಲ್ಲ. ಟೈಲ್ಸಿನ ಮೇಲಿದ್ದ ಶಿವನನ್ನು ನೋಡಿ ಅವಳ ಮುಖ ಬಿಗಿಯಿತು.

"ಬೆಳಗ್ಗೆ ಎದ್ದು ನಾನು ಪೂಜೆ ಮಾಡೋ ದೇವರನ್ನ ಇಲ್ಲಿ ಉಚ್ಚೆ ಕಾಯೋಕೆ ಕೂರಿಸ್ತೀರಾ? ಬೇಡ ಸಾರ್."

"ಮತ್ತೇನ್ ಮಾಡೋದು ಮೇಡಂ, ನೀವೇ ಹೇಳಿ."

"ವಿಜ್ಞಾನಿಗಳನ್ನ ಬರೀತೀನಿ. ಮಕ್ಕಳಿಗಾದ್ರೂ ಉಪಯೋಗ ಆಗುತ್ತೆ."

ಕಾರ್ಯದರ್ಶಿ ನಕ್ಕರು. "ದೇವರಿಗೆ ಹೆದರ್ತಾರೆ ಮೇಡಂ. ವಿಜ್ಞಾನಿಗೆ ಯಾರ್ ಹೆದರ್ತಾರೆ? ಆಯ್ತು, ಯುಗಾದಿವರೆಗೂ ನೋಡೋಣ. ಗೋಡೆ ಒಣಗಿದ್ರೆ ನಿಮ್ಮ ವಿಜ್ಞಾನಿಗಳೇ ಇರ್ಲಿ. ಇಲ್ಲಾಂದ್ರೆ ಟೈಲ್ಸು."

ಹೀಗೆ ಒಪ್ಪಂದವಾಯಿತು. ಅಕ್ಕ ತನ್ನ ಭಾನುವಾರಗಳನ್ನೆಲ್ಲ ಆ ಗೋಡೆಗೆ ಕೊಟ್ಟಳು. ಗೋಡೆಯನ್ನು ಉಜ್ಜಿ ತೊಳೆದು, ಸುಣ್ಣ ಬಳಿದು, ಎನಾಮಲ್ ಬಣ್ಣದಲ್ಲಿ ಒಂದೊಂದೇ ಮುಖ ಬರೆದಳು. ಪ್ರತಿ ಮುಖದ ಕೆಳಗೆ ಅವರ ಬದುಕನ್ನು ಒಂದೇ ವಾಕ್ಯದಲ್ಲಿ ಹೇಳುವ ಹೊಣೆ ನನ್ನದಾಗಿತ್ತು. ಕರ್ತೃ, ಕರ್ಮ, ಕ್ರಿಯಾಪದಗಳು ತಮ್ಮ ತಮ್ಮ ಸ್ಥಾನದಲ್ಲಿರುವ, ಎಂಟನೆಯ ತರಗತಿಯ ಮಗು ಒಂದೇ ಉಸಿರಿನಲ್ಲಿ ಓದಬಹುದಾದ ವಾಕ್ಯಗಳು. ಸೋರುವ ಶೆಡ್ಡಿನಲ್ಲಿ ಅದಿರು ಕುದಿಸಿ ರೇಡಿಯಂ ಕಂಡುಹಿಡಿದ ಮಹಿಳೆ. ತಾನೇ ಉಜ್ಜಿದ ಮಸೂರದಡಿ ತನ್ನ ಹಲ್ಲಿನ ಕೊಳೆಯನ್ನಿಟ್ಟು ಜೀವಾಣುಗಳನ್ನು ನೋಡಿದ ಬಟ್ಟೆ ವ್ಯಾಪಾರಿ. ಹೆರಿಗೆ ಮಾಡಿಸುವ ಮೊದಲು ಕೈ ತೊಳೆಯಿರಿ ಎಂದು ಬೇಡಿ, ಸಹವೈದ್ಯರಿಂದಲೇ ಅವಮಾನಗೊಂಡು, ಕೊನೆಗೆ ಹುಚ್ಚಾಸ್ಪತ್ರೆಯಲ್ಲಿ ಸತ್ತ ವೈದ್ಯ. ಕಾಲರಾ ಬಂದಾಗ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ರೋಗ ಹಬ್ಬಿಸುತ್ತಿದ್ದ ಬೀದಿಯ ಒಂದು ನೀರಿನ ಪಂಪನ್ನು ಪತ್ತೆಮಾಡಿ, ಅದರ ಹಿಡಿಕೆಯನ್ನು ಕಳಚಿಸಿದ ಇನ್ನೊಬ್ಬ ವೈದ್ಯ. ಗೋಡೆಯ ಮೇಲೆ ಅವರೆಲ್ಲರ ಹೆಸರುಗಳೂ ಇದ್ದವು. ಇಲ್ಲಿ ಬರೆಯಲಾರೆ. ಆ ಹೆಸರುಗಳ ಮೇಲೆ ಏನು ಬಿತ್ತೆಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಣ್ಣ ಒಣಗಿದ ಮರುದಿನವೇ ಶುರುವಾಯಿತು. ಮೊದಮೊದಲು ಜನ ನಿಂತು ನೋಡಿದರು, ಓದಿದರು. ಆಮೇಲೆ ಓದುತ್ತಲೇ ಪ್ಯಾಂಟಿನ ಜಿಪ್ಪಿಗೆ ಕೈ ಹಾಕಿದರು. ಒಂದು ಬೆಳಿಗ್ಗೆ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡವನೊಬ್ಬ ಕಾರು ನಿಲ್ಲಿಸಿ ಇಳಿದು, ಕೈ ತೊಳೆಯಲು ಹೇಳಿದ ವೈದ್ಯನ ಎದುರು ನಿಂತ. ನಾನು ರಸ್ತೆ ದಾಟಿ ಹೋದೆ.

"ಏನ್ರೀ, ಯಾರ ಮೇಲೆ ಮಾಡ್ತಾ ಇದೀರಿ ಗೊತ್ತಾ?"

ಅವನು ತಿರುಗಲೂ ಇಲ್ಲ. "ಯಾರ್ ಸಾರ್? ನಿಮ್ಮ ತಾತನಾ?"

"ಓದೋಕ್ ಬರುತ್ತಲ್ಲ? ಕೆಳಗೆ ಬರೆದಿದೆ ಓದಿ."

"ಮುಗಿಸಿ ಓದ್ತೀನಿ ಸಾರ್, ತಾಳಿ."

ಮುಗಿಸಿದ, ಓದಲಿಲ್ಲ. ತೊಳೆಯದ ಅದೇ ಕೈಯಿಂದ ಕಾರಿನ ಬಾಗಿಲು ತೆಗೆದು ಹೊರಟುಹೋದ. ಎಷ್ಟೋ ಬಾಣಂತಿಯರ ಜೀವ ಉಳಿಸಬಲ್ಲ ಒಂದು ಮಾತನ್ನು ಹೇಳಿ, ಅದಕ್ಕಾಗಿಯೇ ಹಾಳಾದ ಮನುಷ್ಯನ ಗಡ್ಡದಿಂದ ಹನಿ ತೊಟ್ಟಿಕ್ಕುತ್ತಿತ್ತು. ಅಂದು ಸಂಘದ ಸಭೆಯಲ್ಲಿ ಕ್ಯಾಮೆರಾ ಹಾಕಿಸಿ, ದಂಡ ಹಾಕಿಸಿ, ಪೊಲೀಸರನ್ನು ಕರೆಸಿ ಎಂದೆಲ್ಲ ಕೂಗಾಡಿದೆ. ಕಾರ್ಯದರ್ಶಿ ಕಾಫಿ ಲೋಟ ಕೆಳಗಿಟ್ಟು, "ಮೇಷ್ಟ್ರೇ, ನಿಮ್ಮ ವಿಜ್ಞಾನಿಗಳು ದಿನಾ ನೆನೀತಾ ಇದಾರೆ. ನೆಗಡಿ ಆದೀತು, ಒಂದು ಛತ್ರಿ ಬರೆಸಿ," ಎಂದರು. ಎಲ್ಲರೂ ನಕ್ಕರು.

ಅಕ್ಕ ಕೂಗಾಡಲಿಲ್ಲ. ಶಾಲೆಯ ಪ್ರಯೋಗಾಲಯ ಮೊದಲ ಮಹಡಿಯಲ್ಲಿದೆ. ಅದರ ಕಿಟಕಿಯಿಂದ ಆ ರಸ್ತೆ ಪೂರ್ತಿ ಕಾಣುತ್ತದೆ. ಬಿಡುವಿದ್ದಾಗಲೆಲ್ಲ ಅವಳು ಅಲ್ಲಿ ನಿಂತಿರುತ್ತಿದ್ದಳು. ಒಂದು ದಿನ ನನ್ನನ್ನೂ ಕರೆಸಿಕೊಂಡಳು.

"ಗೋಡೆ ನೋಡ್ಬೇಡ ಕಣೋ. ಅವರು ಎಲ್ಲಿಂದ ಬರ್ತಾರೆ, ಅದನ್ನ ನೋಡು."

ನೋಡಿದೆ. ಆಟೋ ಸ್ಟ್ಯಾಂಡಿನಲ್ಲಿ ಇಳಿದ ಒಬ್ಬ ಗೋಡೆಯ ಕಡೆಗೆ ಬರಲಿಲ್ಲ. ಮೂಲೆಯಲ್ಲಿದ್ದ ಸಾರ್ವಜನಿಕ ಶೌಚಾಲಯದ ಕಡೆಗೆ ಹೋದ. ಬಾಗಿಲು ತಳ್ಳಿದ. ಬೀಗ. ಸುತ್ತಮುತ್ತ ನೋಡಿ, ತಿರುಗಿ ಗೋಡೆಗೆ ಬಂದ. ಊಟದ ಡಬ್ಬಿ ಹೊತ್ತ ಡೆಲಿವರಿ ಹುಡುಗನೊಬ್ಬ ಬೈಕು ನಿಲ್ಲಿಸಿದ್ದೂ ಶೌಚಾಲಯದ ಮುಂದೆಯೇ. ಅದೇ ಬೀಗ, ಅದೇ ಗೋಡೆ.

"ಹೆಚ್ಚುಕಡಿಮೆ ಎಲ್ಲರೂ ಮೊದಲು ಅಲ್ಲಿಗೇ ಹೋಗ್ತಾರೆ," ಎಂದಳು ಅಕ್ಕ. "ಆಮೇಲೆ ಇಲ್ಲಿ. ನಾನು ಪಂಪಿನ ಡಾಕ್ಟರ ಪಾಠ ಮಾಡ್ಕೊಂಡು, ಅವರ ಚಿತ್ರಾನೂ ಬರ್ಕೊಂಡು, ಇಷ್ಟು ದಿನ ಪಂಪನ್ನೇ ನೋಡಿರ್ಲಿಲ್ಲ."

ಆ ಶೌಚಾಲಯವನ್ನು ಕಟ್ಟಿಸಿದ್ದು ನಗರಪಾಲಿಕೆ, ನಿರ್ವಹಣೆಗೆಂದು ವಹಿಸಿದ್ದು ನಮ್ಮ ಸಂಘಕ್ಕೆ. ಕೊರೊನಾ ಕಾಲದಲ್ಲಿ ಹಾಕಿದ ಬೀಗ ಮತ್ತೆ ತೆರೆದಿರಲಿಲ್ಲ. ಕೀಲಿಕೈ ಇದ್ದದ್ದು ಕಾರ್ಯದರ್ಶಿಯ ಮನೆಯಲ್ಲಿ. ಒಳಗಿದ್ದದ್ದು ಗಣೇಶೋತ್ಸವದ ಪೆಂಡಾಲಿನ ಕಂಬಗಳು, ಸೀರಿಯಲ್ ಲೈಟಿನ ಸುರುಳಿಗಳು, ಪ್ಲಾಸ್ಟಿಕ್ ಕುರ್ಚಿಗಳು.

ಯುಗಾದಿ ಕಳೆದು ಸಂಘದ ಸಭೆ ಸೇರಿತು. ಅಕ್ಕನೂ ನನ್ನ ಜೊತೆ ಬಂದಳು. ಗೋಡೆ ಒಣಗಿರಲಿಲ್ಲ; ಒಪ್ಪಂದದ ಪ್ರಕಾರ ಟೈಲ್ಸಿನ ಸರದಿ ಎಂದು ಕಾರ್ಯದರ್ಶಿ ಹೇಳಿದರು. ಅಕ್ಕ ಎದ್ದು ನಿಂತಳು.

"ಟೈಲ್ಸ್ ಹಾಕೋ ಮುಂಚೆ ಒಂದು ತಿಂಗಳು ಟಾಯ್ಲೆಟ್ ಬೀಗ ತೆಗೀರಿ ಸಾರ್. ಆಗಲೂ ಗೋಡೆ ಒದ್ದೆ ಇದ್ರೆ ನಾನೇ ನನ್ನ ಕೈಯಾರೆ ಚಿತ್ರ ಅಳಿಸ್ತೀನಿ."

"ಅಯ್ಯೋ ಮೇಡಂ, ತೆಗೆದ್ರೆ ಹೊರಗಿನವರೆಲ್ಲ ಬಂದು ಗಲೀಜು ಮಾಡ್ತಾರೆ."

"ಈಗ ಎಲ್ಲಿ ಮಾಡ್ತಾ ಇದಾರೆ ಸಾರ್?"

ಖಜಾಂಚಿ, "ಕುರ್ಚಿಗಳನ್ನ ಎಲ್ಲಿ ಇಡೋದು ಮೇಡಂ?" ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಇಡೀ ಸಭೆಗೆ ಅದೊಂದು ಯೋಗ್ಯವಾದ ಪ್ರಶ್ನೆಯಾಗಿ ಕಂಡಿತು. ನಾನು ಮೇಜು ಗುದ್ದಿದೆ. ನಾಚಿಕೆಯಾಗಬೇಕು ನಮಗೆ, ಹೆಣ್ಣುಮಕ್ಕಳ ದಾರಿಗಿಂತ ಪ್ಲಾಸ್ಟಿಕ್ ಕುರ್ಚಿ ದೊಡ್ಡದಾಯಿತೇ ಎಂದೆ. "ಮೇಷ್ಟ್ರು ಇನ್ನೂ ಕ್ಲಾಸಲ್ಲೇ ಇದಾರೆ," ಎಂದು ಹಿಂದಿನಿಂದ ಯಾರೋ ಅಂದರು. ಕೈಗಳು ಎದ್ದವು. ಟೈಲ್ಸ್ ಗೆದ್ದಿತು. ಆಮೇಲೆ ಕೇಳಿದಾಗ ಶಾಲೆಯ ಮುಖ್ಯ ಶಿಕ್ಷಕರು ಅಕ್ಕನ ಮುಖ ನೋಡದೆ, "ದೇವರ ವಿಷಯ, ನಾನು ಹೇಗೆ ಬೇಡ ಅನ್ನಲಿ ಮೇಡಂ?" ಎಂದು ಕೈಚೆಲ್ಲಿದರು.

ಬೇಸಿಗೆ ರಜೆಯಲ್ಲಿ ಕೆಲಸ ನಡೆಯಿತು. ಸಿಮೆಂಟು ಹಿಡಿಯಲೆಂದು ಗೋಡೆಯ ತುಂಬ ಉಳಿಯಿಂದ ಕಚ್ಚು ಹೊಡೆದರು. ರೇಡಿಯಂ ಕಂಡುಹಿಡಿದವಳ ಹಣೆಯ ಮೇಲೆ ಉಳಿ ಬೀಳುವಾಗ ಅಕ್ಕ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು. ಮನೆಗೆ ಹೋಗೋಣ ಎಂದೆ. "ಇರು, ಎಲ್ಲ ಮುಗೀಲಿ," ಎಂದಳು. ಪಂಪಿನ ವೈದ್ಯನ ಮುಖ ಮುಚ್ಚುವವರೆಗೂ ನಿಂತಿದ್ದಳು. ಮೇ ತಿಂಗಳ ಕೊನೆಯ ದಿನ ಅವಳಿಗೆ ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟರು. ಭಾಷಣ ಮಾಡಿದವರಲ್ಲಿ ಒಬ್ಬರೂ ಗೋಡೆಯ ಮಾತೆತ್ತಲಿಲ್ಲ.

ಟೈಲ್ಸ್ ಹಾಕಿದ ಗೋಡೆ ಒಣಗಿತು, ನಿಜ. ಆದರೆ ಶೌಚಾಲಯದ ಬೀಗ ತೆರೆದಿರಲಿಲ್ಲವಾದ್ದರಿಂದ ಗಂಡಸರಿಗೆ ಬೇರೊಂದು ಗೋಡೆ ಬೇಕಾಯಿತು. ಶಾಲೆಯ ಗೋಡೆ ಮುಗಿಯುವಲ್ಲಿ ಶುರುವಾಗುವ ಮುಂದಿನ ಗೋಡೆ ಕಾರ್ಯದರ್ಶಿಯ ಮನೆಯದು. ಹೊಸದಾಗಿ ಗ್ರಾನೈಟ್ ಹಾಕಿಸಿದ್ದರು.

ಶಾಲೆಯ ನೂರಾರು ಮಕ್ಕಳು ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ಓಡಾಡಿದಾಗ ಸಿಗದಿದ್ದ ಕೀಲಿಕೈ, ಒಂದು ಗ್ರಾನೈಟಿನ ಮೇಲೆ ಕಲೆ ಬಿದ್ದಾಗ ಸಿಕ್ಕಿತು. ಕುರ್ಚಿಗಳಿಗೂ ಜಾಗ ಸಿಕ್ಕಿತು. ಅದೇ ಕಾರ್ಯದರ್ಶಿಯ ಮನೆಯ ನೆಲಮಾಳಿಗೆಯಲ್ಲಿ. ಸಂಘದವರು ಶೌಚಾಲಯದ ಬಾಗಿಲಿಗೆ ರಿಬ್ಬನ್ ಕಟ್ಟಿ, ತೆಂಗಿನಕಾಯಿ ಒಡೆದು, ಫೋಟೊ ತೆಗೆಸಿಕೊಂಡರು. ಇದು ಸಂಘದ ದೂರದೃಷ್ಟಿಯ ಫಲ ಎಂದು ಕಾರ್ಯದರ್ಶಿ ಹೇಳಿದರು. ಅಕ್ಕನನ್ನು ಯಾರೂ ಕರೆದಿರಲಿಲ್ಲ. ಅವಳು ತಾನಾಗಿಯೇ ಬಂದು, ಗಂಡಸರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿ, ನಲ್ಲಿ ತಿರುಗಿಸಿ ನೋಡಿ ಹೊರಗೆ ಬಂದಳು.

"ನೀರು ಬರ್ತಾ ಇದೆ. ಸೋಪ್ ಇಲ್ಲ."

"ಮುಂದಿನ ಮೀಟಿಂಗಲ್ಲಿ ಅಜೆಂಡಾಕ್ಕೆ ಹಾಕ್ತೀವಿ ಮೇಡಂ," ಎಂದರು ಕಾರ್ಯದರ್ಶಿ.

ಅಕ್ಕ ಪಕ್ಕದ ಅಂಗಡಿಯಿಂದ ಒಂದು ಸೋಪು ತಂದು, ನಲ್ಲಿಯ ಪಕ್ಕದಲ್ಲಿಟ್ಟು, ಟೈಲ್ಸ್ ಗೋಡೆಯ ಕಡೆಗೆ ತಿರುಗಿಯೂ ನೋಡದೆ ಮನೆಗೆ ನಡೆದಳು. ಅಂದು ೨೦೨೪ನೆಯ ಇಸವಿ ಜೂನ್ ೧೪, ಶುಕ್ರವಾರ.