ಕೊಲ್ಲಿಗೆ ಬಿಟ್ಟ ಟಾಂಕಿ

ಹಾರವಾಡದ ಬೊಮ್ಮಯ್ಯ ಇಪ್ಪತ್ತೆಂಟು ವರ್ಷ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲನಾಗಿದ್ದ. ಬೋಟು ಎತ್ತ ತಿರುಗಬೇಕು, ಬಲೆ ಎಲ್ಲಿ ಬೀಳಬೇಕು ಎಂದು ಹೇಳುವ ಕೆಲಸ. ಮೊಣಕಾಲು ಕೈಕೊಟ್ಟ ಮೇಲೆ ದೊಡ್ಡ ಬೋಟು ಬಿಟ್ಟು, ಸಣ್ಣ ಪಾತಿ ದೋಣಿಯಲ್ಲಿ ದಡದ ಹತ್ತಿರವೇ ಮೀನು ಹಿಡಿಯುತ್ತಿದ್ದ. ಗುಡ್ಡದ ಮರೆಯ ಕೊಲ್ಲಿಯಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಕೆಸರಿದೆ ಎಂಬುದು ಅವನಿಗೆ ಕಣ್ಣುಮುಚ್ಚಿದರೂ ಗೊತ್ತು.

ಕಳೆದ ಫೆಬ್ರುವರಿಯಲ್ಲಿ ಗೋವಾ ಕಡೆಯಿಂದ ಸಿರಿವಂತರು ವಿಹಾರಕ್ಕೆ ಬಳಸುವ ಬಿಳಿ ಯಾಚ್ ಒಂದು ಆ ಕೊಲ್ಲಿಗೆ ಬಂತು. ಮಧ್ಯಾಹ್ನದ ಗಾಳಿ ಜೋರಾಗಿತ್ತು. ಎರಡು ಸಲ ಲಂಗರು ಹಾಕಿದರು. ಎರಡು ಸಲವೂ ಅದು ಜಾರಿ, ಯಾಚ್ ಬಂಡೆಗಳ ಕಡೆ ಸರಿಯಿತು. ನೋಡಲಾರದೆ ಬೊಮ್ಮಯ್ಯ ಹುಟ್ಟು ಹಾಕುತ್ತ ಹೋದ.

"ಸಾಹೇಬ್ರೆ, ಅಲ್ಲಿ ಬರೀ ಹಾಸುಗಲ್ಲು. ಲಂಗರು ಹಿಡೂದಿಲ್ಲ. ನಾ ತೋರಿಸ್ತೆ."

ಯಾಚಿನ ಮಾಲೀಕ ರಾಜೀವ ದೋಣಿಯನ್ನು ಪಕ್ಕಕ್ಕೆ ಕಟ್ಟಿಸಿ ಅವನನ್ನು ಹತ್ತಿಸಿಕೊಂಡ. ಬೊಮ್ಮಯ್ಯ ಕೆಸರು ತಳವಿರುವ ಮೂರು ಮಾರು ಆಳದ ನೀರಿಗೆ ಕರೆದೊಯ್ದು, ಯಾಚಿನ ಮೂತಿಯನ್ನು ಗಾಳಿಗೆ ತಿರುಗಿಸಿ, ಲಂಗರು ಇಳಿಸಿ, ಹದಿನೆಂಟು ಮಾರು ಸರಪಳಿ ಬಿಡಿಸಿದ. ಸರಪಳಿ ಬಿಗಿಯಾಯಿತು, ಯಾಚ್ ಅಲುಗದೆ ನಿಂತಿತು. ರಾಜೀವ ಬೆನ್ನು ತಟ್ಟಿ ತಟ್ಟೆಯಲ್ಲಿ ಕೇಕು ಕೊಟ್ಟ.

ಮೊದಲ ತುಂಡು ಬಾಯಲ್ಲಿದ್ದಾಗಲೇ ಕಾಲಡಿ ಪಂಪು ಗುರುಗುಟ್ಟಿತು. ಬೊಮ್ಮಯ್ಯ ಬಗ್ಗಿ ನೋಡಿದ. ಯಾಚಿನ ಅಡಿಯಿಂದ ಕಂದು ರಾಡಿ ಹರಡುತ್ತಿತ್ತು, ಅದರೊಳಗೆ ಕಾಗದದ ಚೂರುಗಳು. ನಾತ ಮೂಗಿಗೆ ಬಡಿದಾಗ ತಿಳಿಯಿತು, ಪಾಯಖಾನೆಯ ಟಾಂಕಿ.

"ಹೋಯ್, ಎಂತದು ಬಿಡ್ತಾ ಇದ್ರಿ?"

"ಟಾಂಕಿ ತುಂಬಿತ್ತು ಬೊಮ್ಮಯ್ಯ. ಉಪ್ಪುನೀರು ಎಲ್ಲ ತೊಳೆದುಬಿಡುತ್ತೆ."

ದಡದ ಬಳಿ ಮೊಣಕಾಲು ನೀರಿನಲ್ಲಿ ಏಳೆಂಟು ಹೆಂಗಸರು ಬಗ್ಗಿ ಕೆಸರಿನಿಂದ ಬಳಚು ಹೆಕ್ಕುತ್ತಿದ್ದರು. ಆ ಚಿಪ್ಪಿನ ಮಾಂಸವೇ ಅಂದಿನ ಸಾರು. ಅವರಲ್ಲಿ ಅವನ ಹೆಂಡತಿ ಚಂಪಾಳೂ ಇದ್ದಳು. ಉಬ್ಬರ ಶುರುವಾಗಿತ್ತು, ರಾಡಿ ಅವರ ಕಡೆಗೇ ಹೊರಟಿತ್ತು.

ಬೊಮ್ಮಯ್ಯ ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿದ.

"ಪಂಪು ಬಂದ್ ಮಾಡಿ. ನಿಮ್ಮ ಮನೆ ಬಾವೀಲಿ ಯಾರಾದ್ರೂ ಹೇತ್ರೆ ಆ ನೀರು ಕುಡೀತ್ರಿ?"

ರಾಜೀವ ನಕ್ಕ. ಟಾಂಕಿಯ ನಾತಕ್ಕಿಂತ ಆ ನಗುವೇ ಬೊಮ್ಮಯ್ಯನಿಗೆ ಹೆಚ್ಚು ಹೇಸಿಗೆ ಹುಟ್ಟಿಸಿತು. ಮೂತಿಗೆ ಹೋಗಿ ಸರಪಳಿ ಎತ್ತುವ ಗುಂಡಿ ಒತ್ತಿದ.

"ಹಾಕ್ಸಿದ್ದು ನಾನು, ಎತ್ತೂದೂ ನಾನೇ."

ಲಂಗರು ಕೆಸರು ಬಿಟ್ಟು ಎದ್ದು, ಯಾಚ್ ಸರಿಯತೊಡಗಿದಾಗ ರಾಜೀವ ಪಂಪು ನಿಲ್ಲಿಸಿ ಚುಕ್ಕಾಣಿಗೆ ಓಡಿದ. ಬೊಮ್ಮಯ್ಯ ತನ್ನ ದೋಣಿಗೆ ಇಳಿದದ್ದೇ ರಾಜೀವ ಬೈಯುತ್ತ ಕೊಲ್ಲಿ ಬಿಟ್ಟುಹೋದ. ಬೊಮ್ಮಯ್ಯ ದಡದ ಕಡೆ ಹುಟ್ಟು ಹಾಕುತ್ತ ಕೂಗಿದ.

"ಚಂಪಾ, ಎಲ್ಲರೂ ಮೇಲೆ ಹತ್ತಿ! ಬುಟ್ಟಿ ಚೆಲ್ಲಿ!"

"ಎಂತಕ್ಕೆ? ಬೆಳಗಿಂದ ಸೊಂಟ ಮುರ್ದು ಹೆಕ್ಕಿದ್ದು."

ಕಾರಣ ಹೇಳಿದ. ಚಂಪಾ ತನ್ನ ಒದ್ದೆ ಕೈ ಮೂಸಿ ಮುಖ ಕಿವುಚಿದಳು, ಬುಟ್ಟಿ ಮಗುಚಿದಳು.

"ಅವ್ರನ್ನ ಇಲ್ಲಿ ನಿಲ್ಸಿದ್ದು ಯಾರು?"

"ನಾನೇ."

ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಮನೆ ಕಡೆ ನಡೆದಳು. ಆ ಸಂಜೆ ಬೊಮ್ಮಯ್ಯ ನಾಲ್ಕು ಸಲ ಸೋಪು ಹಚ್ಚಿ ಕೈ ತೊಳೆದ. ಊಟಕ್ಕೆ ಕೂತವನು ಹಾಗೇ ಎದ್ದ.

ರಾಜೀವ ಜಾಗದ ಗುರುತನ್ನು ಗೆಳೆಯರಿಗೆ ಕಳಿಸಿರಬೇಕು; ಈಗಲೂ ಯಾಚುಗಳು ಬರುತ್ತವೆ. ಬೊಮ್ಮಯ್ಯ ದೋಣಿಯಲ್ಲೇ ನಿಂತು, "ಹೊಲಸು ಹೊರಗೆ, ದೂರ ಸಮುದ್ರದಲ್ಲಿ ಬಿಟ್ಟು ಬನ್ನಿ, ಆಮೇಲೆ ಜಾಗ ತೋರಿಸ್ತೆ" ಎನ್ನುತ್ತಾನೆ. ಕೆಲವರು ತಿರುಗಿ ಹೋಗುತ್ತಾರೆ, ಕೆಲವರು ಆಗಲೇ ಬಿಟ್ಟು ಬಂದೆವೆಂದು ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳುತ್ತಾರೆ. ಚಂಪಾ ಮಾತ್ರ ಆ ಕೊಲ್ಲಿಗೆ ಮತ್ತೆ ಇಳಿದಿಲ್ಲ. ಬಳಚು ಬೇಕಾದರೆ ಗುಡ್ಡ ಹತ್ತಿಳಿದು ಆಚೆಯ ದಂಡೆಗೆ ಹೋಗುತ್ತಾಳೆ.