ಬೆಸುಗೆ ಕಾಣದ ಕಾಮಣ್ಣ

ಬೆಟಗೇರಿಯ ನೇಕಾರರ ಓಣಿಯಲ್ಲಿ ಸಾಗರನಿಗೆ ಮರ್ಯಾದೆ ಕೊಡುವವರು ಯಾರೂ ಇರಲಿಲ್ಲ. ಸಾಗರನೂ ಆ ಓಣಿಯಲ್ಲಿ ಯಾರಿಗೂ ಮರ್ಯಾದೆ ಕೊಡುತ್ತಿರಲಿಲ್ಲ. ಅಲ್ಲಿಗೆ ಸರಿಗೆ ಸರಿ ಆಗಿತ್ತು. ಮೂವತ್ತೈದು ದಾಟಿದ ಗಂಡಸು, ಲಗ್ನವಿಲ್ಲ, ಒಂದು ದಿನ ಮಗ್ಗದ ಮೇಲೆ ಕೂತವನಲ್ಲ, ಕೆಲಸದಿಂದ ಬಂದವನೇ ಬಾಗಿಲು ಹಾಕಿಕೊಂಡು ಗೊಂಬೆಗಳ ಕೈಕಾಲು ಕೊಯ್ಯುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹಗಲು ಅವನು ಗದಗಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಹುಟ್ಟುಹಬ್ಬದ ಬ್ಯಾನರಿಗೆ ಬರುವ ಪುಢಾರಿಗಳ ಮುಖ ತಿದ್ದುವುದು ಅವನ ಕೆಲಸ. ಒಬ್ಬನ ಗಲ್ಲ ಇಳಿಸಬೇಕು, ಇನ್ನೊಬ್ಬನ ಬೋಳುತಲೆಗೆ ಕೂದಲು ಹಚ್ಚಬೇಕು, ಶಿರಹಟ್ಟಿಯಿಂದ ಬರುವ ಒಬ್ಬನಂತೂ ಪ್ರತಿ ವರ್ಷ ಹೋದ ವರ್ಷಕ್ಕಿಂತ ಬೆಳ್ಳಗಾಗಬೇಕು. ಆ ಮುಖಗಳನ್ನು ನೋಡಿ ನೋಡಿ ಸಾಗರನಿಗೆ ಮನುಷ್ಯ ಜಾತಿಯ ಮೇಲೇ ಹೇಸಿಗೆ ಹುಟ್ಟಿತ್ತು. ದೇವರು ಇವರನ್ನು ಮಾಡುವಾಗ ಕೈಗೆ ಸಿಕ್ಕ ಸಾಮಾನು ಅಂಟಿಸಿ ಎದ್ದು ಹೋಗಿದ್ದಾನೆ ಎಂಬುದು ಅವನ ಖಚಿತ ಅಭಿಪ್ರಾಯ.

ತಾನು ಹಾಗೆ ಎದ್ದು ಹೋಗುವವನಲ್ಲ. ಗುಜರಿ ಅಂಗಡಿಯ ಮರ್ದಾನಸಾಬ ಮುರಿದ ಆಟಿಕೆಗಳನ್ನು ಅವನಿಗೆಂದೇ ಒಂದು ಚೀಲದಲ್ಲಿ ತೆಗೆದಿಡುತ್ತಿದ್ದ. ರೆಕ್ಕೆ ಹರಿದ ವೀರ, ಒಂದೇ ಕಾಲಿನ ಸೈನಿಕ, ತಲೆಯಿಲ್ಲದ ಕುಸ್ತಿಪಟು. ಸಾಗರ ಅವುಗಳನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕೀಲು ಕಳಚುತ್ತಿದ್ದ, ಒಂದರ ಎದೆಗೆ ಇನ್ನೊಂದರ ತೋಳು ಕೂಡಿಸಿ ಒಳಗೆ ತಂತಿ ಸೇರಿಸುತ್ತಿದ್ದ. ನಲ್ಲಿ ಸೋರಿದರೆ ಮೆತ್ತುವ ಎರಡು ಹಿಟ್ಟಿನ ಎಪಾಕ್ಸಿಯನ್ನು ನಾದಿ, ಬೆರಳು ಒದ್ದೆ ಮಾಡಿಕೊಂಡು ಸ್ನಾಯು, ನಿರಿಗೆ, ಹುಬ್ಬು ಕಡೆಯುತ್ತಿದ್ದ. ಒಣಗಿದ ಮೇಲೆ ಮರಳುಕಾಗದದಿಂದ ತಿಕ್ಕಿ, ಬಣ್ಣವನ್ನು ತೆಳ್ಳಗೆ ಪದರು ಪದರಾಗಿ ಏರಿಸಿ, ಸಂದಿಗಳಿಗೆ ಕಪ್ಪು ನೀರು ಬಿಟ್ಟು, ಉಬ್ಬಿದಲ್ಲಿ ಒಣ ಬ್ರಷ್ಷಿನಿಂದ ಸವರಿದರೆ ಗೊಂಬೆಗೆ ರಕ್ತ ಬಂದಂತೆ ಆಗುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ ಉಗುರಿನಿಂದ ಬೆಸುಗೆಯನ್ನು ಹುಡುಕುತ್ತಿದ್ದ. ಉಗುರಿಗೆ ಎಲ್ಲಾದರೂ ತಡೆದರೆ ಮುಗಿಯಿತು, ಇಡೀ ಗೊಂಬೆಯನ್ನು ಮುರಿದು ಮೊದಲಿನಿಂದ ಶುರು ಮಾಡುತ್ತಿದ್ದ.

ಮುಂಡರಗಿಯ ಹುಡುಗನೊಬ್ಬ ಇಂಥವೇ ಗೊಂಬೆಗಳಲ್ಲಿ ಒಂದರ ತಲೆ ಇನ್ನೊಂದಕ್ಕೆ ಗಮ್ಮಿನಿಂದ ಹಚ್ಚಿ ವಿಡಿಯೋ ಮಾಡಿ ಬಿಡುತ್ತಿದ್ದ. ಅವನಿಗೆ ನೋಡುವವರೂ ಬಹಳ ಮಂದಿ. ಸಾಗರ ಆ ವಿಡಿಯೋಗಳನ್ನು ಒಂದೂ ಬಿಡದೆ ನೋಡುತ್ತಿದ್ದ, ನೋಡಿ ಉಗಿಯುತ್ತಿದ್ದ. ತನ್ನ ಗೊಂಬೆಗಳನ್ನು ಕೊಳ್ಳುವವರ ಮೇಲೂ ಅವನಿಗೆ ಅಷ್ಟೇ ತಿರಸ್ಕಾರ. ಲಕ್ಷ್ಮೇಶ್ವರದ ಒಬ್ಬ ಸಾಹುಕಾರ ತನ್ನ ಮಗನ ಮುಖವನ್ನು ಹಾರುವ ವೀರನ ಮೈಗೆ ಕೂಡಿಸಿಕೊಡು ಎಂದು ಕೇಳಿದಾಗ, “ನಿಮ್ಮ ಮಗಗ ಹಾರಾಕ ಕಲಸ್ರಿ ಮೊದಲ” ಎಂದು ಫೋನು ಇಟ್ಟಿದ್ದ.

ಇಷ್ಟೆಲ್ಲ ಸೊಕ್ಕಿನ ಕೆಳಗೆ ಒಂದು ಸಂಕಟವಿತ್ತು, ಅದನ್ನೂ ಹೇಳಿಬಿಡಬೇಕು. ಅವನು ಮಾಡಿದ್ದೆಲ್ಲ ಕೊರಿಯರ್ ಡಬ್ಬಿಯಲ್ಲಿ ಕೂತು ಯಾವುದೋ ಊರಿಗೆ ಹೋಗುತ್ತಿತ್ತು. ಯಾರ ಕಪಾಟಿನಲ್ಲಿ ಧೂಳು ತಿನ್ನುತ್ತಿದೆಯೋ ಅವನಿಗೆ ಗೊತ್ತಿರಲಿಲ್ಲ. ತಾನು ಹುಟ್ಟಿದ ಓಣಿಯಲ್ಲಿ, ತನ್ನನ್ನು ಕಂಡು ಮೂಗು ಮುರಿಯುವ ಇದೇ ಜನರ ಕಣ್ಣೆದುರು, ತನ್ನ ಕೈಯ ಒಂದು ಕೆಲಸ ವರ್ಷ ವರ್ಷ ಉಳಿಯಬೇಕು ಎಂಬ ಆಸೆ ಅವನಿಗೆ ಬಲವಾಗಿತ್ತು. ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಬಾಬಣ್ಣ ಅವನ ಮನೆಗೆ ಬಂದ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗವನ್ನು ಓಣಿಯಲ್ಲಿ ಇನ್ನೂ ಬಿಡದ ಹಿರಿಯ ಅವನು. ಹೋಳಿಯಲ್ಲಿ ರತಿ-ಕಾಮಣ್ಣರನ್ನು ಕೂರಿಸುವ ಹಿರಿತನವೂ ಅವನದೇ. ಅಲ್ಲಿಯ ಪದ್ಧತಿ ಹೀಗೆ: ಕಟ್ಟಿಗೆಯ ತಲೆ, ಕಟ್ಟಿಗೆಯ ಕೈಗಳನ್ನು ಹುಲ್ಲಿನ ಮೈಗೆ ಗೂಟ ಹೊಡೆದು ಕೂಡಿಸಿ, ಧೋತರ ಉಡಿಸಿ ಹುಣ್ಣಿಮೆಯಿಂದ ಐದು ದಿನ ಕೂರಿಸುವುದು. ಸುಡುವ ದಿನ ನಸುಕಿನಲ್ಲಿ ಕಾಮಣ್ಣನ ತಲೆ, ಕೈ ಕಳಚಿ ಬಾಬಣ್ಣನ ಅಟ್ಟಕ್ಕೆ ಸೇರಿಸುವುದು, ಮೈಯನ್ನು ಮಾತ್ರ ಸುಡುವುದು.

“ಸಾಗರಾ, ಕಾಮಣ್ಣನ ತಲಿಗೆ ಹುಳ ಹತ್ತೈತಿ. ಮುಟ್ಟಿದರ ಹಿಟ್ಟು ಉದರತೈತಿ,” ಎಂದ ಬಾಬಣ್ಣ. “ನೀ ಒಂದು ಮಾಡಿಕೊಡತೀಯೇನಪಾ?”

“ಇಂಥಾವೆಲ್ಲ ನಾ ಮಾಡಂಗಿಲ್ರಿ ಕಾಕಾ.”

“ನೀ ಮಾಡೂವು ಮತ್ತ ಎಂಥಾವು? ಅವಕ್ಕೂ ತಲಿ ಕೈ ಇರತಾವಲ್ಲ.”

ಬಾಬಣ್ಣ ತಂದಿದ್ದ ಆ ಹುಳ ತಿಂದ ತಲೆಯನ್ನು ಸಾಗರ ಕೈಯಲ್ಲಿ ತಿರುಗಿಸಿ ನೋಡಿದ. ಒಂದು ಕಣ್ಣು ಮೇಲೆ, ಒಂದು ಕೆಳಗೆ, ಮೀಸೆ ಕೈಗೆ ಬಂದಂತೆ ಬರೆದದ್ದು. ಇದನ್ನು ಮಾಡಿದವನಿಗೆ ಮುಖ ಎಂದರೇನೆಂದೇ ಗೊತ್ತಿರಲಿಲ್ಲ. ಆದರೂ ತನ್ನ ಅಜ್ಜ ಇದಕ್ಕೆ ಕೈ ಮುಗಿದಿದ್ದ, ಅಪ್ಪ ಮುಗಿದಿದ್ದ. ಸಾಗರ ತಲೆಯನ್ನು ಬಾಬಣ್ಣನ ಕೈಗೆ ವಾಪಸು ಕೊಟ್ಟ.

“ಬರೇ ತಲಿ ಕೈ ಅಲ್ಲ, ಇಡೀ ಕಾಮಣ್ಣನ್ನ ಮಾಡತೇನ್ರಿ,” ಎಂದ.

“ಮಾಡು. ಆದರ ತಲಿ, ಎರಡೂ ಕೈ ಬಿಚ್ಚಾಕ ಬರೂ ಹಂಗ ಇರಲಿ. ಮೈ ಸುಡಬೇಕು. ಗೊತ್ತೈತಲ್ಲ?”

“ಗೊತ್ತೈತ್ರಿ.”

ಗೊತ್ತಿತ್ತು. ಗೊತ್ತಿದ್ದೂ ಅವನು ಅದಕ್ಕೆ ಸೊಪ್ಪು ಹಾಕಲಿಲ್ಲ. ಬಿಚ್ಚಿದರೆ ಬರುವ ತಲೆ ಜಾತ್ರೆಯ ಅಗ್ಗದ ಗೊಂಬೆಗೆ ಇರುತ್ತದೆ, ಸಾಗರನ ಗೊಂಬೆಗಲ್ಲ. ಅದೂ ಅಲ್ಲದೆ, ತಾನು ಮಾಡಿದ್ದನ್ನು ಕಂಡ ಮೇಲೆ ಬೆಂಕಿ ಹಚ್ಚುವ ಧೈರ್ಯ ಯಾವನಿಗಿದೆ? ಬೆಪ್ಪಾಗಿ ನಿಲ್ಲುತ್ತಾರೆ, ಆಮೇಲೆ ಹುಲ್ಲಿನದೊಂದು ಮಾಡಿ ಸುಡುತ್ತಾರೆ, ತನ್ನ ಕಾಮಣ್ಣ ಉಳಿಯುತ್ತಾನೆ ಎಂದು ಲೆಕ್ಕ ಹಾಕಿದ. ಜನರನ್ನು ಅವನು ಅಷ್ಟು ಹಗುರಾಗಿ ತಿಳಿದಿದ್ದ.

ಮುಂಡರಗಿಯಲ್ಲಿ ಮುಚ್ಚಿದ ರೆಡಿಮೇಡ್ ಬಟ್ಟೆ ಅಂಗಡಿಯ ಆಳೆತ್ತರದ ಪ್ಲಾಸ್ಟಿಕ್ ಗೊಂಬೆಗಳು ಮರ್ದಾನಸಾಬನ ಗುಜರಿಗೆ ಬಂದಿದ್ದವು. ಗಂಡು ಗೊಂಬೆಯ ಎದೆ ತಂದ. ಅದರ ಮುಷ್ಟಿಗಳು ಗುದ್ದಲು ಬಂದಂತೆ ಇದ್ದವು, ಬಿಟ್ಟ. ಹೆಣ್ಣು ಗೊಂಬೆಯ ಕೈ ತಂದು ಬೆರಳಿನ ಗಂಟುಗಳನ್ನು ಹೊಸದಾಗಿ ಕಡೆದ, ಬಿಲ್ಲು ಹಿಡಿಯುವ ಹಾಗೆ ಬಾಗಿಸಿದ. ಮುಖವನ್ನು ಪೂರಾ ಎಪಾಕ್ಸಿಯಲ್ಲೇ ಎಬ್ಬಿಸಿದ. ತಲೆ ಅಲ್ಲಾಡಬಾರದೆಂದು ನೆತ್ತಿಯಿಂದ ಸೊಂಟದವರೆಗೆ ಕಬ್ಬಿಣದ ಸರಳು ಇಳಿಸಿದ. ಆ ದಿನಗಳಲ್ಲಿ ಅವನಿಗೆ ಊಟದ ಖಬರ ಇರಲಿಲ್ಲ. ತಾಯಿ ರತ್ನವ್ವ ರೊಟ್ಟಿಯ ತಾಟನ್ನು ಹೊಸ್ತಿಲಲ್ಲಿ ಇಟ್ಟು, ಅದು ಒಣಗಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದಳು.

ಕೊನೆಗೆ ಕಣ್ಣು ಮುಚ್ಚಿ ಕುತ್ತಿಗೆಯ ಸುತ್ತ ಉಗುರು ಓಡಿಸಿದ. ಎಲ್ಲಿಯೂ ತಡೆಯಲಿಲ್ಲ.

ಹುಣ್ಣಿಮೆಗೆ ಕಾಮಣ್ಣ ಚಪ್ಪರದಲ್ಲಿ ಕೂತ. ಬಗಲಲ್ಲಿ ಕೂತ ಹಳೆಯ ಕಟ್ಟಿಗೆಯ ರತಿ ಅವನ ಮುಂದೆ ಅಡುಗೆಮನೆಯ ಮಣೆಯಂತೆ ಕಂಡಳು. ಕಾಮಣ್ಣನ ತುಟಿ ಈಗಷ್ಟೇ ಏನೋ ನೆನಪಾಗಿ ನಗಲು ಹೊರಟಂತಿತ್ತು. ಜನ ನಿಜಕ್ಕೂ ಬೆಪ್ಪಾಗಿ ನಿಂತರು. ಸಾಗರ ಕಂಬಕ್ಕೆ ಒರಗಿ ಅವರ ಮುಖಗಳನ್ನೇ ನೋಡುತ್ತಿದ್ದ. ಆದರೆ ಬೆಪ್ಪು ಬಹಳ ಹೊತ್ತು ನಿಲ್ಲಲಿಲ್ಲ. ಒಬ್ಬ, “ಧೋತರದ ಅಂಚು ಚಲೋ ಐತಿ” ಎಂದ. ಇನ್ನೊಬ್ಬ, “ಮೀಸಿ ಇನ್ನಷ್ಟು ದಪ್ಪ ಬೇಕಿತ್ತು” ಎಂದ. ಕಿರಾಣಿ ಅಂಗಡಿಯ ದ್ಯಾಮಪ್ಪ ತನ್ನ ಕಪ್ಪು ಕನ್ನಡಕ ತೆಗೆದು ಕಾಮಣ್ಣನಿಗೆ ಹಾಕಿ, ಪಕ್ಕಕ್ಕೆ ನಿಂತು ಸೆಲ್ಫಿ ಹೊಡೆದುಕೊಂಡ.

“ತಗೀರಿ ಅದನ್ನ,” ಎಂದ ಸಾಗರ.

“ಇರಲಿ ತಗೋಲೇ, ಸ್ಟೈಲ್ ಕಾಣತೈತಿ.”

ಹಂದಿಗೆ ಅತ್ತರು ಹಚ್ಚಿದಂತಾಯಿತು ತನ್ನ ಕೆಲಸ ಎಂದುಕೊಂಡು ಸಾಗರ ಮನೆಗೆ ನಡೆದ. ಆ ಐದು ದಿನ ಹೆಂಗಸರು ಬಂದು ಕಾಮಣ್ಣನ ಕೊರಳಿಗೆ ಬಂಗಾರದ ಸರ ಹಾಕಿದರು, ಉಡಿ ಒಡ್ಡಿ ಹರಕೆ ಹೊತ್ತರು, ತೊಟ್ಟಿಲು ಬೇಡಿದರು, ಲಗ್ನ ಬೇಡಿದರು. ಅವರ ಕಡೆ ಅವನು ತಿರುಗಿಯೂ ನೋಡಲಿಲ್ಲ. ತನ್ನ ತಾಯಿ ಅವರಲ್ಲಿ ಇದ್ದದ್ದೂ ಅವನಿಗೆ ತಿಳಿಯಲಿಲ್ಲ.

ಐದನೆಯ ದಿನ ನಸುಕಿನಲ್ಲಿ ಚರ್ಮದ ಹಲಗೆ ಬಾರಿಸುವ ಸದ್ದು ಓಣಿ ತುಂಬಿತು. ಹುಡುಗರು ಕದ್ದು ತಂದ ಕಟ್ಟಿಗೆ, ಸಗಣಿಯ ಕುಳ್ಳು ಒಟ್ಟಿಯಾಗಿತ್ತು. ಸರಗಳನ್ನೆಲ್ಲ ತೆಗೆದು ಅವರವರಿಗೆ ಕೊಟ್ಟ ಮೇಲೆ ಬಾಬಣ್ಣ ಕಾಮಣ್ಣನ ತಲೆ ಹಿಡಿದು ಮೇಲಕ್ಕೆ ಎತ್ತಿದ. ಬರಲಿಲ್ಲ. ತಿರುವಿದ. ಇಡೀ ಕಾಮಣ್ಣನೇ ತಿರುಗಿದ. ಕೈ ಹಿಡಿದು ಜಗ್ಗಿದ, ಅದೂ ಬರಲಿಲ್ಲ.

“ಏನಲೇ ಇದು?”

“ಬಿಚ್ಚಾಕ ಬರಂಗಿಲ್ರಿ. ಒಂದ ಮೈ ಅದು,” ಎಂದ ಸಾಗರ. ಈ ಹೊತ್ತಿಗಾಗಿಯೇ ಅವನು ಕಾದಿದ್ದ. “ಹುಲ್ಲಿಂದು ಒಂದು ಕಟ್ಟಿ ಸುಡ್ರಿ ಕಾಕಾ. ಇದು ಇರಲಿ.”

“ನಾ ಮೊದಲ ಹೇಳಿದ್ನಿ.”

“ನೋಡ್ರಿ ಇದನ್ನ. ಇಂಥಾದ್ದನ್ನ ಯಾರರ ಸುಡತಾರೇನು?”

ದ್ಯಾಮಪ್ಪ, “ಇರಲಿ ಬಿಡ್ರಿ ಬಾಬಣ್ಣ, ಪ್ಲಾಸ್ಟಿಕ್ ಸುಟ್ಟರ ನಾರತೈತಿ” ಎಂದ. ಇನ್ನೂ ಒಂದಿಬ್ಬರು ತಲೆ ಆಡಿಸಿದರು. ಬಾಬಣ್ಣ ಅನುಮಾನದಲ್ಲಿ ನಿಂತ. ಆಗ ಹೆಂಗಸರ ಗುಂಪಿನಿಂದ ರತ್ನವ್ವ ಮುಂದೆ ಬಂದಳು.

“ಸುಡ್ರಿ. ನಾ ಇವನ ಮುಂದ ಉಡಿ ಒಡ್ಡೇನಿ, ಹುಲ್ಲಿನ ಮುಂದ ಅಲ್ಲ. ಕುಂತಾಂವನ್ನ ಸುಡದಿದ್ದರ ಹರಕಿ ಹೆಂಗ ಮುಟ್ಟತೈತಿ?”

“ಏನ್ ಹರಕಿ ಬೇ ನಿಂದು?” ಎಂದ ಸಾಗರ ಸಿಟ್ಟಿನಿಂದ.

“ನಿನ್ನ ಲಗ್ನದ್ದು.”

ಹಲಗೆ ಬಾರಿಸುವವರು ಮೊದಲು ನಕ್ಕರು, ಆಮೇಲೆ ಇಡೀ ಓಣಿ ನಕ್ಕಿತು. ಉಳಿದ ಹೆಂಗಸರೂ ನಮ್ಮದೂ ಹರಕೆ ಇದೆ, ಸುಡಲೇಬೇಕು ಎಂದು ಗಂಟುಬಿದ್ದರು. ಇನ್ನು ಮಾತಿಗೆ ಜಾಗ ಇರಲಿಲ್ಲ. ಬಾಬಣ್ಣ ಯಾರ ಮನೆಯಿಂದಲೋ ಕಬ್ಬಿಣ ಕೊಯ್ಯುವ ಗರಗಸ ತರಿಸಿ ಸಾಗರನ ಕೈಯಲ್ಲಿಟ್ಟ.

“ತಲಿ ಉಳಿಸಿಕೋ. ಜಲ್ದಿ ಮಾಡು, ಬೆಳಕ ಹರೀತೈತಿ.” ಅವನ ದನಿಯಲ್ಲಿ ಬಯ್ಗುಳವಿರಲಿಲ್ಲ.

ಸಾಗರ ಕಾಮಣ್ಣನ ಭುಜಕ್ಕೆ ಮೊಣಕಾಲು ಊರಿ ಗರಗಸ ಹಚ್ಚಿದ. ಪ್ಲಾಸ್ಟಿಕ್ ಬೇಗ ಸೀಳಿತು, ಸರಳು ಸೀಳಲಿಲ್ಲ. ಕರಕರ ಸದ್ದು ಹಲ್ಲಿಗೆ ಬಡಿಯುತ್ತಿತ್ತು. ಯಾರೋ, “ಕುರಿ ಕೊಯ್ಯಾಕ ಹತ್ಯಾನ ನೋಡ್ರಿ” ಎಂದರು. ಅವನು ಬೆವೆತು, ಜೋರು ಹಾಕಿ ಎಳೆದ. ಕುತ್ತಿಗೆ ಬಾಗಿತು. ಒಣಗಿ ಕಲ್ಲಾಗಿದ್ದ ಎಪಾಕ್ಸಿ ಬಾಗಲಿಲ್ಲ, ಗದ್ದದಿಂದ ತುಟಿಯ ಮೇಲೆ ಹಾದು ಕಣ್ಣಿನವರೆಗೆ ಬಿರುಕು ಬಿಟ್ಟಿತು. ನಗಲು ಹೊರಟಿದ್ದ ಬಾಯಿಯ ಅರ್ಧ ಕಳಚಿ ಅವನ ಅಂಗೈಗೆ ಬಿತ್ತು.

ಅವನು ಅದನ್ನು ನೋಡಿದ. ಆಮೇಲೆ ಅದನ್ನು ಒಟ್ಟಿದ ಕಟ್ಟಿಗೆಯ ಮೇಲೆ ಎಸೆದ.

“ತಲಿ ಸಮೇತ ಸುಡ್ರಿ,” ಎಂದ.

ಪ್ರತಿ ವರ್ಷ ಹುಲ್ಲಿನ ಕಾಮಣ್ಣ ಧಗ್ಗನೆ ಉರಿದು ಮುಗಿಯುತ್ತಿದ್ದ. ಇವನು ಹಾಗೆ ಉರಿಯಲಿಲ್ಲ. ಕುಗ್ಗಿದ, ಜೋತುಬಿದ್ದ, ಕರಗಿ ತೊಟ್ಟಿಕ್ಕಿದ. ಕರಿ ಹೊಗೆ ಎದ್ದು ಓಣಿಯೆಲ್ಲ ನಾರಿತು. ಬಾಯಿ ಬಡಿದುಕೊಂಡು ಲಬೋ ಎನ್ನಬೇಕಾದ ಹುಡುಗರು ಕೆಮ್ಮುತ್ತ ಓಡಿದರು, ದ್ಯಾಮಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಮನೆ ಸೇರಿದ. ಕಾಮಣ್ಣನ ಬೆಂಕಿಯನ್ನು ಮನೆಗೆ ಒಯ್ದು ಕಡಲೆ ಹುರಿದು ತಿನ್ನುವುದು ಅಲ್ಲಿಯ ರೂಢಿ. ಆ ವರ್ಷ ಕೆಂಡಕ್ಕೆ ಒಬ್ಬರೂ ಬರಲಿಲ್ಲ. ಬಾಬಣ್ಣ ಕೊನೆಯವರೆಗೂ ನಿಂತು, “ಬರೂ ವರ್ಷ ಕಟಿಗೀದ ಮಾಡಸೋಣು” ಎಂದು ಹೊರಟುಹೋದ.

ಸಾಗರ ಬೂದಿಯ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದ. ಯಾರನ್ನಾದರೂ ಬಯ್ಯಬೇಕೆಂದು ಹುಡುಕಿದ. ಬಾಬಣ್ಣ ಮೊದಲೇ ಹೇಳಿದ್ದ. ಜನ ತಮ್ಮ ಹರಕೆ ಕೇಳಿದ್ದರು, ಅಷ್ಟೆ. ಮುಂಡರಗಿಯ ಆ ಗಮ್ಮಿನ ಹುಡುಗನಾಗಿದ್ದರೆ ತಲೆ ಒಂದೇ ಏಟಿಗೆ ಕಳಚಿ ಬರುತ್ತಿತ್ತು. ಬಯ್ಯಲು ಯೋಗ್ಯನಾದವನು ಓಣಿಯಲ್ಲಿ ಒಬ್ಬನೇ ಉಳಿದಿದ್ದ, ಅವನು ಬೂದಿಯ ಎದುರು ಕೂತಿದ್ದ. ಅವನಿಗೆ ಅಳು ಬಂತು, ಹೊಗೆಯ ನೆವದಲ್ಲಿ ಅತ್ತ.

ಬಿಸಿಲು ಏರುವ ಹೊತ್ತಿಗೆ ರತ್ನವ್ವ ಒಂದು ಕುಳ್ಳು ಹಿಡಿದುಕೊಂಡು ಬಂದಳು. ಅಂಟಂಟಾಗಿ ಕಪ್ಪಗೆ ಹೆಪ್ಪುಗಟ್ಟಿದ್ದನ್ನು ಕಡ್ಡಿಯಿಂದ ಕೆದಕಿ, ಅಡಿಯಲ್ಲಿ ಉಳಿದಿದ್ದ ಕೆಂಡಕ್ಕೆ ಕುಳ್ಳು ತಗುಲಿಸಿ, ಊದಿ ಊದಿ ಹೊತ್ತಿಸಿಕೊಂಡಳು. ಅದರ ನಾತಕ್ಕೆ ಅವಳೂ ಮುಖ ತಿರುವಿದಳು, ಆದರೆ ಬಿಡಲಿಲ್ಲ.

“ಬ್ಯಾಡ ಬೇ, ವಿಷದ ಹೊಗಿ ಅದು,” ಎಂದ ಸಾಗರ.

“ನೀನ ಮಾಡಿದ್ದು ಐತಲ್ಲಪಾ,” ಎಂದು ಅವಳು ನಡೆದಳು.

ಅವನು ಮನೆಗೆ ಬಂದಾಗ ಕಡಲೆ ಹುರಿದಾಗಿತ್ತು. ಅವಳು ತಾಟನ್ನು ಈ ಸಲ ಹೊಸ್ತಿಲಲ್ಲಿ ಇಡದೆ ಅವನ ಎದುರು ಇಟ್ಟು ಕೂತಳು. ಸಾಗರ ಒಂದು ಕಾಳು ಬಾಯಿಗೆ ಹಾಕಿಕೊಂಡ. ಬಣ್ಣದ ವಾಸನೆ ಮೂಗಿಗೆ ಅಡರಿತು. ಆದರೂ ಇನ್ನೊಂದು ಕಾಳು ತೆಗೆದುಕೊಂಡ. ತಾಯಿ ನೋಡುತ್ತಿದ್ದಳು, ಅವನು ತಾಟು ಖಾಲಿಯಾಗುವವರೆಗೂ ತಿಂದ.